ಗಡ್ಡದ ಓತಿಗೆ ಗೂಡಿನೊಳಗೊಂದು ಬಿಸಿಲು: ಬಿಸಿ ಬಲ್ಬು, ಯುವಿಬಿ ಟ್ಯೂಬು ಆಯ್ದುಕೊಳ್ಳುವ ಬಗೆ

ಬೆಳಿಗ್ಗೆ ಎಂಟರ ಹೊತ್ತಿಗೆ ತೋಟದ ಬೇಲಿ ನೋಡಿ. ಕಲ್ಲುಕಂಬದ ನೆತ್ತಿಯ ಮೇಲೆ ಓತಿಕ್ಯಾತ ಮೈ ಚಪ್ಪಟೆ ಮಾಡಿಕೊಂಡು, ಬೆನ್ನನ್ನು ಸೂರ್ಯನತ್ತ ವಾಲಿಸಿ ಕೂತಿರುತ್ತದೆ. ಆಗ ಅದರ ಮೈ ಕಪ್ಪಗಿರುತ್ತದೆ, ಕಾದಂತೆಲ್ಲ ಬಣ್ಣ ತಿಳಿಯಾಗುತ್ತದೆ. ಬಿಸಿಲೇರಿದ ಮೇಲೆ ಕಂಬ ಖಾಲಿ. ಓತಿ ನೆರಳಿಗೆ ಇಳಿದು ಹುಳ ಹುಡುಕುತ್ತಿರುತ್ತದೆ. ಆಸ್ಟ್ರೇಲಿಯಾದ ಒಣ ಒಳನಾಡಿನ ಗಡ್ಡದ ಓತಿ, ಅಂದರೆ ಬಿಯರ್ಡೆಡ್ ಡ್ರ್ಯಾಗನ್ ಕೂಡ ಇದೇ ಅಗಾಮಿಡೇ ಕುಟುಂಬದ್ದು. ಅಲ್ಲಿ ಅದೂ ಬೇಲಿಗೂಟ, ಒಣಗಿದ ಕೊಂಬೆಗಳ ಮೇಲೆ ಹೀಗೆಯೇ ಬಿಸಿಲು ಕಾಯಿಸುತ್ತದೆ. ಕಂಬದ ಮೇಲಿನ ಆ ಹೊತ್ತಿನಲ್ಲಿ ಅದಕ್ಕೆ ಬಿಸಿ, ಬೆಳಕು, ಯುವಿಬಿ ಎಂಬ ಕಣ್ಣಿಗೆ ಕಾಣದ ನೇರಳಾತೀತ ಕಿರಣ, ಮೂರೂ ಒಂದೇ ದಿಕ್ಕಿನಿಂದ, ಒಟ್ಟಿಗೆ, ಬೆನ್ನಿನ ಮೇಲೆ ಬೀಳುತ್ತವೆ. ಬೇಡವೆನಿಸಿದಾಗ ನಾಲ್ಕು ಹೆಜ್ಜೆಯಲ್ಲಿ ನೆರಳು. ಗೂಡಿಗೆ ದೀಪ ಆಯ್ದುಕೊಳ್ಳುವಾಗ ಮನಸ್ಸಿನಲ್ಲಿರಬೇಕಾದ ಚಿತ್ರ ಇದು.

ಇಲ್ಲಿ ಹೇಳುವುದೆಲ್ಲ ಬೆಳೆದ ಒಂದು ಬಿಯರ್ಡೆಡ್ ಡ್ರ್ಯಾಗನ್‌ಗೆ, 120 ಸೆಂ.ಮೀ. ಉದ್ದ, 60 ಅಗಲ, 60 ಎತ್ತರದ ಗೂಡಿಗೆ ಹೊಂದುವ ಲೆಕ್ಕ. ಇದಕ್ಕಿಂತ ಚಿಕ್ಕ ಗೂಡಿನಲ್ಲಿ ಒಂದು ಬದಿ ಬಿಸಿ, ಇನ್ನೊಂದು ಬದಿ ತಂಪು ಇರುವಂತೆ ಮಾಡುವುದು ಬಹಳ ಕಷ್ಟ. ಉಷ್ಣತೆಯೆಲ್ಲ ಸೆಲ್ಸಿಯಸ್ ಡಿಗ್ರಿಯಲ್ಲಿದೆ. ಒಂದು ಮಾತು ಮೊದಲೇ ಹೇಳಿಬಿಡಬೇಕು: ಉಡ, ನಕ್ಷತ್ರ ಆಮೆಯಂಥ ನಮ್ಮ ನೆಲದ ಪ್ರಾಣಿಗಳನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹಸಿರು ಇಗುವಾನದಂತೆ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರುವ ಹೊರದೇಶದ ಜಾತಿಗಳಿಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಬೇಕು. ಆಸ್ಟ್ರೇಲಿಯಾದಲ್ಲಿರುವವರು ತಮ್ಮ ರಾಜ್ಯದ ಪರವಾನಗಿ ನಿಯಮ ನೋಡಿಕೊಂಡೇ ಪ್ರಾಣಿ ತರಬೇಕು.

ಬಿಸಿಯೂ ಯುವಿಬಿಯೂ ಒಂದೇ ಜಾಗದಲ್ಲಿ

ಬಹಳ ಗೂಡುಗಳಲ್ಲಿ ಕಾಣುವ ತಪ್ಪು ಇದು: ಎಡಮೂಲೆಯಲ್ಲಿ ಬಿಸಿ ಬಲ್ಬು, ಬಲಮೂಲೆಯಲ್ಲಿ ಯುವಿಬಿ. ಎರಡೂ ಇವೆಯಲ್ಲ ಎಂಬ ಸಮಾಧಾನ. ಪ್ರಾಣಿ ಮಾತ್ರ ಬಿಸಿ ಇರುವಲ್ಲೇ ಕೂರುತ್ತದೆ, ಯುವಿಬಿ ಖಾಲಿ ಮೂಲೆಯ ಮೇಲೆ ಬೀಳುತ್ತಿರುತ್ತದೆ.

ಚರ್ಮದಲ್ಲಿ ನಡೆಯುವ ಕೆಲಸ ಗೊತ್ತಾದರೆ ಇದು ಯಾಕೆ ತಪ್ಪೆಂದು ತಿಳಿಯುತ್ತದೆ. ಯುವಿಬಿ ಅಂದರೆ 280ರಿಂದ 315 ನ್ಯಾನೋಮೀಟರ್ ತರಂಗಾಂತರದ ಕಿರಣ. ಚರ್ಮದಲ್ಲಿರುವ 7-ಡಿಹೈಡ್ರೋಕೊಲೆಸ್ಟರಾಲ್ ಎಂಬ ಪದಾರ್ಥವನ್ನು ಅದು ಪ್ರಿವಿಟಮಿನ್ ಡಿ3 ಆಗಿ ಬದಲಿಸುತ್ತದೆ. ಕಿರಣದ ಕೆಲಸ ಅಲ್ಲಿಗೆ ಮುಗಿಯಿತು. ಪ್ರಿವಿಟಮಿನ್ ಮುಂದೆ ನಿಜವಾದ ವಿಟಮಿನ್ ಡಿ3 ಆಗುವುದು ಮೈಯ ಬಿಸಿಯಿಂದ. ಆಮೇಲೆ ಯಕೃತ್ತು, ಮೂತ್ರಪಿಂಡಗಳು ಅದನ್ನು ಹದಮಾಡಿ, ಕರುಳು ಆಹಾರದಿಂದ ಕ್ಯಾಲ್ಸಿಯಂ ಹೀರುವಂತೆ ಮಾಡುತ್ತವೆ. ಮೈ ತಣ್ಣಗಿದ್ದರೆ ಯುವಿಬಿ ಬಿದ್ದರೂ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಬಿಸಿಯಿದ್ದು ಯುವಿಬಿ ಇಲ್ಲದಿದ್ದರೆ ಶುರುವೇ ಆಗುವುದಿಲ್ಲ.

ಕ್ಯಾಲ್ಸಿಯಂ ಸಾಲದಾದಾಗ ದೇಹ ಎಲುಬಿನಿಂದಲೇ ಕಿತ್ತುಕೊಳ್ಳುತ್ತದೆ. ಮೊದಲು ಬೆರಳು, ಕಾಲುಗಳಲ್ಲಿ ಸಣ್ಣ ನಡುಕ. ಆಮೇಲೆ ಕೆಳದವಡೆ ಮೆತ್ತಗಾಗಿ ಹುಳ ಕಚ್ಚಲಾಗದು. ಕಾಲೂರಿ ಹೊಟ್ಟೆ ಎತ್ತಿ ನಡೆಯುತ್ತಿದ್ದ ಪ್ರಾಣಿ ತೆವಳತೊಡಗುತ್ತದೆ, ಬೆನ್ನುಮೂಳೆ ಸೊಟ್ಟಗಾಗುತ್ತದೆ. ಸೊಟ್ಟಗಾದ ಎಲುಬು ಮತ್ತೆ ನೆಟ್ಟಗಾಗುವುದಿಲ್ಲ. ಡಿ3 ಪುಡಿ ತಿನ್ನಿಸಿದರಾಯಿತು ಎನ್ನುವವರಿದ್ದಾರೆ. ಪುಡಿ ಹೆಚ್ಚಾದರೆ ಡಿ3 ಮೈಯಲ್ಲಿ ನಂಜಾಗಬಹುದು. ಬಿಸಿಲಿನಿಂದ ಬರುವುದಕ್ಕೆ ಆ ಭಯವಿಲ್ಲ; ಹೆಚ್ಚಾದ ಪ್ರಿವಿಟಮಿನ್ ಅದೇ ಬೆಳಕಿನಲ್ಲಿ ಬೇರೆ ನಿರುಪದ್ರವಿ ಪದಾರ್ಥಗಳಾಗಿ ಒಡೆಯುತ್ತದೆ. ಹಾಗಂತ ದೀಪವಿದ್ದರೆ ಕ್ಯಾಲ್ಸಿಯಂ ಪುಡಿ ಬೇಡವೆಂದಲ್ಲ. ಹುಳಗಳಿಗೆ ರಂಜಕವಿಲ್ಲದ ಕ್ಯಾಲ್ಸಿಯಂ ಪುಡಿ ಸವರುವುದು ಬೇಕೇ ಬೇಕು.

ಬಿಸಿಗೆ ಯಾವ ಬಲ್ಬು

ತಲುಪಬೇಕಾದ ಅಂಕಿಗಳು ಇವು. ಬಿಸಿಲು ಕಾಯಿಸುವ ಕಲ್ಲಿನ ಮೇಲ್ಮೈ 40ರಿಂದ 42 ಡಿಗ್ರಿ. ಬಿಸಿ ಬದಿಯ ಗಾಳಿ 30ರಿಂದ 32. ತಂಪು ಬದಿಯ ಗಾಳಿ 24ರಿಂದ 27. ರಾತ್ರಿ 18ರಿಂದ 22. ಕಲ್ಲಿನ ಬಿಸಿ 42 ಎಂದಾಕ್ಷಣ ಪ್ರಾಣಿಯ ಮೈ 42 ಆಗುವುದಿಲ್ಲ. ಅದು 35ರ ಆಸುಪಾಸಿಗೆ ಬಂದ ಕೂಡಲೇ ತಾನೇ ಇಳಿದು ಹೋಗುತ್ತದೆ, ಹೋಗಲು ತಂಪು ಬದಿ ಇದ್ದರೆ.

ಇದಕ್ಕೆ ಅತ್ಯುತ್ತಮವಾದದ್ದು ಸಾಕುಪ್ರಾಣಿ ಅಂಗಡಿಯ ದುಬಾರಿ ಬಲ್ಬೇ ಆಗಬೇಕೆಂದಿಲ್ಲ. ದೊಡ್ಡ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೇಳಿದರೆ ಸಿಗುವ ಪಾರ್38 ಗಾತ್ರದ, ಬೆಳಕನ್ನು ಅಗಲಕ್ಕೆ ಚೆಲ್ಲುವ ಹ್ಯಾಲೊಜೆನ್ ಫ್ಲಡ್ ಬಲ್ಬು ಸಾಕು. ಹ್ಯಾಲೊಜೆನ್ ಕೊಡುವ ಬಿಸಿಯಲ್ಲಿ ಇನ್‌ಫ್ರಾರೆಡ್-ಎ ಹೆಚ್ಚು. ಸೂರ್ಯನ ಬಿಸಿಯಂತೆ ಅದು ಚರ್ಮದ ಕೆಳಗಿನ ಮಾಂಸಕ್ಕೂ ಇಳಿಯುತ್ತದೆ. ಸೆರಾಮಿಕ್ ಹೀಟರ್, ಹೀಟ್ ಮ್ಯಾಟ್‌ಗಳದ್ದು ಮೇಲ್ಚರ್ಮದಲ್ಲೇ ನಿಲ್ಲುವ ಬಿಸಿ. ಎಲ್‌ಇಡಿ ಬಲ್ಬಿನ ಬೆಳಕಿನಲ್ಲಿ ಕಾಯಿಸಿಕೊಳ್ಳುವಂಥ ಬಿಸಿಯೇ ಇರುವುದಿಲ್ಲ. ಅಂಗಡಿಯವರು ಹ್ಯಾಲೊಜೆನ್ ಎಂದು ಕೊಡುವ ಪಾರ್38 ಎಷ್ಟೋ ಸಲ ಎಲ್‌ಇಡಿಯೇ ಆಗಿರುತ್ತದೆ. ವ್ಯಾಟ್ ನೋಡಿ: 15, 18 ಎಂದಿದ್ದರೆ ಅದು ಎಲ್‌ಇಡಿ. ನಿಮಗೆ ಬೇಕಾದದ್ದು 75 ಅಥವಾ 100.

ಫ್ಲಡ್ ಎಂದೇ ಕೇಳಿ, ಸ್ಪಾಟ್ ಬೇಡ. ಬೆಳೆದ ಪ್ರಾಣಿಯ ಮೂತಿಯಿಂದ ಬಾಲದ ಬುಡದವರೆಗೆ 20ರಿಂದ 25 ಸೆಂ.ಮೀ. ಇರುತ್ತದೆ. ಸ್ಪಾಟ್ ಬಲ್ಬಿನ ಕಿರಣ ಅಂಗೈಯಗಲಕ್ಕೆ ಮಾತ್ರ ಬೀಳುತ್ತದೆ. ಬೆನ್ನಿನ ನಡುಭಾಗ ಸುಡುತ್ತಿದ್ದರೂ ತಲೆ, ಸೊಂಟ ತಣ್ಣಗಿರುವುದರಿಂದ ಪ್ರಾಣಿಗೆ ಇನ್ನೂ ಕಾಯಬೇಕೆನ್ನಿಸುತ್ತದೆ, ಕದಲುವುದಿಲ್ಲ, ಸುಟ್ಟಗಾಯವಾಗುತ್ತದೆ. ದೊಡ್ಡ ಪ್ರಾಣಿಗಾದರೆ 100 ವ್ಯಾಟಿನ ಒಂದರ ಬದಲು 50 ವ್ಯಾಟಿನ ಎರಡು ಬಲ್ಬನ್ನು ಅಕ್ಕಪಕ್ಕ ಹಾಕುವುದು ಇನ್ನೂ ಒಳ್ಳೆಯದು.

ಹೋಲ್ಡರ್ ಪಿಂಗಾಣಿಯದೇ ಇರಲಿ. ನಮ್ಮ ಮನೆಗಳ ಮಾಮೂಲು ಪಿನ್ ಹೋಲ್ಡರ್ ಬಿ22. ಪಾರ್38 ಕೂರುವುದು ಇ27 ಸ್ಕ್ರೂ ಹೋಲ್ಡರಿನಲ್ಲಿ. ಪಿನ್‌ನಿಂದ ಸ್ಕ್ರೂಗೆ ಬದಲಿಸುವ ಪ್ಲಾಸ್ಟಿಕ್ ಅಡಾಪ್ಟರ್ 100 ವ್ಯಾಟಿನ ಬಿಸಿಗೆ ಕೆಲವೇ ದಿನಗಳಲ್ಲಿ ಕಂದಿ, ಬಿರುಕು ಬಿಟ್ಟು, ಸಡಿಲವಾಗಿ ಕಿಡಿ ಹಾರಿಸಬಹುದು. ಗೂಡಿನ ಹಿನ್ನೆಲೆಗೆ ಥರ್ಮೋಕೋಲ್ ಬಂಡೆ ಮಾಡುವ ಆಸೆ ಹಲವರಿಗೆ. ಬಿಸಿ ಬಲ್ಬಿನ ಕಡೆಯ ಗೋಡೆಗಂತೂ ಅದು ಬೇಡವೇ ಬೇಡ.

ಕೆಂಪು, ನೀಲಿ ರಾತ್ರಿದೀಪಗಳನ್ನು ಕೊಳ್ಳಬೇಡಿ. ಈ ಪ್ರಾಣಿಗಳಿಗೆ ಕೆಂಪು ಬೆಳಕು ಚೆನ್ನಾಗಿಯೇ ಕಾಣುತ್ತದೆ, ನಿದ್ದೆ ಕೆಡುತ್ತದೆ. ಒಳಗೆ ಹೀಟರ್ ಇರುವ ಕೃತಕ ಕಲ್ಲು ಹೊಟ್ಟೆ ಸುಡುತ್ತದೆ. ಬಿಸಿ ಮೇಲಿನಿಂದ ಬರುತ್ತದೆಂದು ನಂಬಿರುವ ಪ್ರಾಣಿಗೆ ಕೆಳಗಿನಿಂದ ಸುಡುವುದು ಬೇಗ ತಿಳಿಯುವುದಿಲ್ಲ. ರಾತ್ರಿ ಕೋಣೆ 18ಕ್ಕಿಂತ ಕೆಳಗಿಳಿಯುವ ಕಡೆ ಮಾತ್ರ, ಬೆಳಕಿಲ್ಲದ ಸೆರಾಮಿಕ್ ಹೀಟರನ್ನು ಥರ್ಮೋಸ್ಟಾಟ್ ಜೊತೆ ಹಾಕಿ. ಬೆಂಗಳೂರಿನ ಮನೆಗಳ ಒಳಗೆ ಡಿಸೆಂಬರ್, ಜನವರಿಯ ಕೆಲವು ರಾತ್ರಿ ಬಿಟ್ಟರೆ ಅದು ಸಾಮಾನ್ಯವಾಗಿ ಬೇಕಾಗುವುದಿಲ್ಲ. ಮೆಲ್ಬರ್ನ್, ಲಂಡನ್, ಟೊರಾಂಟೊದ ಚಳಿಗಾಲದಲ್ಲಿ ಮನೆಯ ಹೀಟಿಂಗ್ ರಾತ್ರಿ ಆರಿಸುವವರಿಗೆ ಬೇಕಾಗುತ್ತದೆ.

ಯುವಿಬಿ: ಮೊದಲ ದುಡ್ಡು ಟ್ಯೂಬಿಗೆ

ಗೂಡು, ಅಲಂಕಾರ, ಮರಳು ಯಾವುದಕ್ಕೂ ಮೊದಲು ಒಳ್ಳೆಯ ಯುವಿಬಿ ಟ್ಯೂಬಿಗೆ ದುಡ್ಡು ತೆಗೆದಿಡಿ. ಬೇಕಾದದ್ದು ಟಿ5 ಎಚ್‌ಒ, ಅಂದರೆ ಸಪೂರವಾದ, ಹೆಚ್ಚು ಶಕ್ತಿಯ ಟಿ5 ಹೈ ಔಟ್‌ಪುಟ್ ಟ್ಯೂಬು. ಆರ್ಕೇಡಿಯಾ ಕಂಪನಿಯ 12 ಶೇಕಡಾ ಯುವಿಬಿ ಎಂದು ಗುರುತಿರುವ ಟ್ಯೂಬು, ಝೂ ಮೆಡ್‌ನ ರೆಪ್ಟಿಸನ್ 10.0 ಈ ಪ್ರಾಣಿಗೆ ಸಾಮಾನ್ಯವಾಗಿ ಬಳಸುವವು. ಉದ್ದ ಗೂಡಿನ ಅರ್ಧಕ್ಕಿಂತ ಕಡಿಮೆ ಇರಬಾರದು, ಮೂರನೇ ಎರಡು ಭಾಗ ದಾಟಬಾರದು. 120 ಸೆಂ.ಮೀ. ಗೂಡಿಗೆ 39 ವ್ಯಾಟಿನ 85 ಸೆಂ.ಮೀ. ಟ್ಯೂಬು ಸ್ವಲ್ಪ ಉದ್ದವಾಯಿತೆನಿಸಿದರೂ ನಡೆಯುತ್ತದೆ. 24 ವ್ಯಾಟಿನ 55 ಸೆಂ.ಮೀ. ಟ್ಯೂಬು ಸ್ವಲ್ಪ ಗಿಡ್ಡ. ಉದ್ದದ್ದನ್ನೇ ಆರಿಸಿ, ತಂಪು ಬದಿಯಲ್ಲಿ ಅಡಗುತಾಣವಿಟ್ಟು ನೆರಳು ಮಾಡಿಕೊಡುವುದು ಲೇಸು. ಗೂಡಿನಲ್ಲಿ ಯುವಿಬಿ ಸೊನ್ನೆಯಾಗಿರುವ ಜಾಗವೂ ಇರಲೇಬೇಕು.

ಸುರುಳಿ ಸಿಎಫ್‌ಎಲ್ ಮಾದರಿಯ ಯುವಿಬಿ ಬಲ್ಬು ಅಗ್ಗ. ಅದರ ಬೆಳಕು ಬಟ್ಟಲಿನಷ್ಟು ಜಾಗಕ್ಕೆ ಬೀಳುತ್ತದೆ, ಹತ್ತಿರದಲ್ಲಿ ಪ್ರಖರ, ಒಂದು ಗೇಣು ಆಚೆ ತೀರ ಕಡಿಮೆ. ಬಿಸಿ, ಯುವಿಬಿ ಎರಡೂ ಕೊಡುವ ಮರ್ಕ್ಯುರಿ ವೇಪರ್ ಬಲ್ಬು ದೊಡ್ಡ ಗೂಡಿಗೆ ಒಗ್ಗುತ್ತದೆ. ಆದರೆ ಅದನ್ನು ಡಿಮ್ಮರಿಗೆ ಹಾಕುವಂತಿಲ್ಲ. ಬಿಸಿ ಹೆಚ್ಚಾಯಿತೆಂದು ಮೇಲೆತ್ತಿದರೆ ಯುವಿಬಿಯೂ ಕಡಿಮೆಯಾಗುತ್ತದೆ. ನಮ್ಮ ಬೇಸಿಗೆಗೆ ಇದು ತೊಡಕು.

ಇನ್ನು, ಯುವಿ ಎಂದು ಬರೆದಿರುವುದೆಲ್ಲ ಯುವಿಬಿ ಅಲ್ಲ. ನೋಟು ಪರೀಕ್ಷಿಸುವ ನೇರಳೆ ದೀಪ, ಪಾರ್ಟಿಗಳ ಬ್ಲ್ಯಾಕ್ ಲೈಟ್, ಸೊಳ್ಳೆ-ನೊಣ ಸೆಳೆಯುವ ಯಂತ್ರದ ನೀಲಿ ಟ್ಯೂಬು, ಇವೆಲ್ಲ ಯುವಿಎ. ಎಲುಬಿಗೆ ಪ್ರಯೋಜನವಿಲ್ಲ. ನೀರಿನ ಫಿಲ್ಟರ್, ಅಕ್ವೇರಿಯಂ ಸ್ಟೆರಿಲೈಸರ್‌ಗಳಲ್ಲಿರುವುದು ಸೂಕ್ಷ್ಮಾಣು ಕೊಲ್ಲುವ 254 ನ್ಯಾನೋಮೀಟರಿನ ಯುವಿಸಿ. ಅದನ್ನು ಗೂಡಿಗೆ ಹಾಕಿದರೆ ಪ್ರಾಣಿಯ ಕಣ್ಣು, ಚರ್ಮ ಸುಟ್ಟುಹೋಗುತ್ತದೆ, ನೋಡುತ್ತ ಕೂತವರದೂ.

ಟಿ5 ಪಟ್ಟಿ: ಹೊಂದುತ್ತದೆ, ಆದರೆ ಉರಿಯುವುದಿಲ್ಲ

ಟ್ಯೂಬು ತರಿಸಿಕೊಂಡು, ಅದನ್ನು ಕೂರಿಸುವ ಪಟ್ಟಿ ಮಾತ್ರ ಇಲ್ಲೇ ಕೊಳ್ಳೋಣ ಎಂದುಕೊಳ್ಳುವವರು ಇದನ್ನು ನಿಧಾನವಾಗಿ ಓದಿ. ಈಗ ಅಂಗಡಿಗಳಲ್ಲಿ ಟಿ5 ಎಂದು ಕೊಡುವ ಬಹುತೇಕ ಪಟ್ಟಿಗಳು ಎಲ್‌ಇಡಿ; ಅವಕ್ಕೆ ಟ್ಯೂಬು ಸಿಕ್ಕಿಸಲು ಕಿವಿಯೇ ಇಲ್ಲ. ಹಳೆಯ ದಾಸ್ತಾನಿನಲ್ಲಿ ಸಿಗುವ ನಿಜವಾದ ಟಿ5 ಪಟ್ಟಿಗಳು ಹೆಚ್ಚಾಗಿ 14 ಅಥವಾ 28 ವ್ಯಾಟಿನವು. ತೊಡಕಿರುವುದು ಇಲ್ಲೇ. 14 ವ್ಯಾಟಿನ ಸಾಧಾರಣ ಟಿ5 ಟ್ಯೂಬೂ 24 ವ್ಯಾಟಿನ ಹೈ ಔಟ್‌ಪುಟ್ ಟ್ಯೂಬೂ ಒಂದೇ ಉದ್ದ, 549 ಮಿ.ಮೀ. ಹಾಗೆಯೇ 21 ಮತ್ತು 39 ವ್ಯಾಟು ಎರಡೂ 849 ಮಿ.ಮೀ., 28 ಮತ್ತು 54 ವ್ಯಾಟು ಎರಡೂ 1149 ಮಿ.ಮೀ. ಪಿನ್ನೂ ಒಂದೇ. ಸಿಕ್ಕಿಸಿದರೆ ಕೂರುತ್ತದೆ, ಹೊತ್ತಿಕೊಳ್ಳಲೂಬಹುದು. ಆದರೆ ಒಳಗಿನ ಎಲೆಕ್ಟ್ರಾನಿಕ್ ಚೋಕ್ ಕೊಡುವುದು 170 ಮಿಲಿಆಂಪಿಯರ್. 24 ವ್ಯಾಟಿನ ಟ್ಯೂಬಿಗೆ ಬೇಕಾದದ್ದು 300, 39 ವ್ಯಾಟಿನದಕ್ಕೆ 340. ಬೆಳಕು ಬರುತ್ತಿದೆ ಎಂದು ನೀವು ನಿಶ್ಚಿಂತೆಯಿಂದಿರುತ್ತೀರಿ, ಯುವಿಬಿ ಅರ್ಧದಷ್ಟೂ ಬರುತ್ತಿರುವುದಿಲ್ಲ. ಟ್ಯೂಬಿನ ತುದಿಗಳೂ ಬೇಗ ಕಪ್ಪಾಗುತ್ತವೆ.

ಆದ್ದರಿಂದ ಚೋಕ್ ಮೇಲೆ 1×39 ವ್ಯಾಟ್ ಟಿ5 ಎಚ್‌ಒ ಎಂದು ಅಚ್ಚಾಗಿದೆಯೇ ನೋಡಿಕೊಳ್ಳಿ. ಪಟ್ಟಿಗೆ ಹಾಲುಬಿಳುಪಿನ ಪ್ಲಾಸ್ಟಿಕ್ ಮುಚ್ಚಳವಿದ್ದರೆ ತೆಗೆಯಿರಿ. ಅದು ಯುವಿಬಿಯನ್ನು ತಡೆಯುತ್ತದೆ. ಅಮೆರಿಕದಿಂದ ಬರುವವರ ಸೂಟ್‌ಕೇಸಿನಲ್ಲಿ ತರಿಸುವವರಿಗೆ ಒಂದು ಮಾತು. ಟ್ಯೂಬಿಗೆ ವೋಲ್ಟೇಜಿನ ಹಂಗಿಲ್ಲ, ಅದು ಚೋಕ್‌ನ ಕೆಲಸ. ಚೋಕ್ 120 ವೋಲ್ಟಿನದಾದರೆ ನಮ್ಮ 230ಕ್ಕೆ ಸುಟ್ಟುಹೋಗುತ್ತದೆ. 120 ವೋಲ್ಟಿನ ಬಿಸಿ ಬಲ್ಬು ಸಿಡಿಯಲೂಬಹುದು. ಟ್ಯೂಬು ಮಾತ್ರ ತರಿಸಿ, ಉಳಿದದ್ದು ಇಲ್ಲಿನದಿರಲಿ.

ಎತ್ತರದ ಲೆಕ್ಕ

ಯುವಿ ಸೂಚ್ಯಂಕ ಎಂಬ ಅಂಕಿ ಹವಾಮಾನ ವರದಿಯಲ್ಲಿ ನೋಡಿರುತ್ತೀರಿ. ಗೂಡಿನ ಲೆಕ್ಕವೂ ಅದರಲ್ಲೇ. ಕಾಡಿನಲ್ಲಿ ಸರೀಸೃಪಗಳು ಎಷ್ಟು ಬಿಸಿಲಿಗೆ ಮೈಯೊಡ್ಡುತ್ತವೆ ಎಂಬುದನ್ನು ಅಳೆದು ನಾಲ್ಕು ಗುಂಪು ಮಾಡಿದ್ದಾರೆ, ಫರ್ಗುಸನ್ ವಲಯಗಳೆಂದು ಹೆಸರು. ಬಿಯರ್ಡೆಡ್ ಡ್ರ್ಯಾಗನ್ ಮೂರನೆಯದು: ದಿನದ ಸರಾಸರಿ 1.0ರಿಂದ 2.6, ಗರಿಷ್ಠ 2.9ರಿಂದ 7.4. ಗೂಡಿನಲ್ಲಿ ಬಿಸಿಲು ಕಾಯಿಸುವ ಜಾಗದಲ್ಲಿ, ಪ್ರಾಣಿಯ ಬೆನ್ನಿನ ಮಟ್ಟದಲ್ಲಿ, 3ರಿಂದ 4 ಸಿಕ್ಕರೆ ಸರಿ. ಮರಿಗೆ 3ರ ಹತ್ತಿರ ಇರಲಿ. 5 ದಾಟಿಸುವ ಅಗತ್ಯವಿಲ್ಲ.

ನಡುವೆ ಜಾಲರಿಯಿಲ್ಲದೆ, ಬಾಗಿದ ಅಲ್ಯುಮಿನಿಯಂ ರಿಫ್ಲೆಕ್ಟರ್ ಇರುವ 12 ಶೇಕಡಾ ಟಿ5 ಎಚ್‌ಒ ಟ್ಯೂಬಿಗೆ ಆ ಮಟ್ಟ ಸಿಗುವುದು ಸುಮಾರು 35ರಿಂದ 40 ಸೆಂ.ಮೀ. ಕೆಳಗೆ. ಜಾಲರಿಯ ಮೇಲಿಟ್ಟರೆ 25ರಿಂದ 30. ಜಾಲರಿ ಎಷ್ಟು ತಡೆಯುತ್ತದೆ ಎಂಬುದು ಅದರ ಕಣ್ಣಿನ ಗಾತ್ರದ ಮೇಲಿದೆ. ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯಂಥ ಸಣ್ಣ ಕಣ್ಣಿನದು ಅರ್ಧದಷ್ಟನ್ನೂ ನುಂಗಬಹುದು, ಅಗಲ ಕಣ್ಣಿನದು ಮೂರನೇ ಒಂದು ಭಾಗ. ಗಾಜು, ಅಕ್ರಿಲಿಕ್ ಹಾಳೆ ಬಹುಪಾಲು ಎಲ್ಲವನ್ನೂ ತಡೆಯುತ್ತವೆ. ಕಿಟಕಿ ಗಾಜಿನ ಪಕ್ಕ ಗೂಡಿಟ್ಟು ಬಿಸಿಲು ಬೀಳುತ್ತಿದೆ ಎಂದು ನಂಬಿದರೆ ಪ್ರಾಣಿಗೆ ಸಿಗುವುದು ಬರೀ ಸೆಕೆ. ರಿಫ್ಲೆಕ್ಟರ್ ಇಲ್ಲದ ಪಟ್ಟಿಯಲ್ಲಿ ಕೆಳಗೆ ಬೀಳುವ ಯುವಿಬಿ ಸುಮಾರು ಅರ್ಧಕ್ಕಿಳಿಯುತ್ತದೆ. ಅಡುಗೆಮನೆಯ ಫಾಯಿಲ್ ಸುತ್ತಿ ರಿಫ್ಲೆಕ್ಟರ್ ಮಾಡಬೇಡಿ. ಪಿನ್ನಿಗೆ ತಾಗಿದರೆ ಶಾರ್ಟ್ ಆಗುತ್ತದೆ.

ಈ ದೂರವನ್ನು ಗೂಡಿನ ನೆಲದಿಂದ ಅಳೆಯಬಾರದು, ಬೆನ್ನಿನಿಂದ ಅಳೆಯಬೇಕು. ಉದಾಹರಣೆಗೆ ಮರದ ಗೂಡಿನೊಳಗೆ, ಮೇಲ್ಛಾವಣಿಗೆ ಬಿಗಿದ ಟ್ಯೂಬು ನೆಲದಿಂದ 55 ಸೆಂ.ಮೀ. ಎತ್ತರದಲ್ಲಿದೆ ಎನ್ನಿ. ಬೆನ್ನು 17ರ ಮಟ್ಟದಲ್ಲಿರಬೇಕು, ಆಗ ದೂರ 38. ಕೂತ ಪ್ರಾಣಿಯ ದಪ್ಪ 4 ಸೆಂ.ಮೀ. ಕಳೆದರೆ ಕಲ್ಲಿನ ಮೇಲ್ಮೈ 13ರಲ್ಲಿ ಬರಬೇಕು. ಜಾಲರಿ ಮುಚ್ಚಳದ ಗೂಡಾದರೆ ಟ್ಯೂಬು 62ರಲ್ಲಿರುತ್ತದೆ, ಬೆನ್ನು 34ಕ್ಕೆ ಏರಬೇಕು, ಕಲ್ಲು 30ಕ್ಕೆ. ಅಷ್ಟೆತ್ತರಕ್ಕೆ ಕಲ್ಲು ಪೇರಿಸಿದರೆ ಪ್ರಾಣಿಯ ಮೇಲೇ ಉರುಳುತ್ತದೆ. ಗಟ್ಟಿ ಮರದ ಅಟ್ಟವೊಂದನ್ನು ಗೋಡೆಗೆ ಸ್ಕ್ರೂ ಹಾಕಿ, ಅದರ ಮೇಲೆ ಒಂದು ಚಪ್ಪಡಿ ಕೂರಿಸಿ, ಹತ್ತಲು ಒರಟು ಕೊಂಬೆ ಓರೆಯಾಗಿ ಆನಿಸಿ.

ಚಪ್ಪಡಿಗೆ ಕಡಪ ಕಲ್ಲಿನ ತುಂಡೇ ಚೆನ್ನ. ಗ್ರಾನೈಟ್-ಕಡಪ ಅಂಗಡಿಗಳ ಹಿಂದೆ ಒಡೆದ ಚೂರುಗಳ ರಾಶಿಯೇ ಬಿದ್ದಿರುತ್ತದೆ. ಕಪ್ಪು ಬಣ್ಣ, ಬೇಗ ಕಾಯುತ್ತದೆ, ದೀಪ ಆರಿದ ಮೇಲೂ ಸ್ವಲ್ಪ ಹೊತ್ತು ಬೆಚ್ಚಗಿರುತ್ತದೆ. ಪಾಲಿಶ್ ಮಾಡದ ಒರಟು ಮುಖ ಮೇಲಿರಲಿ, ಉಗುರಿಗೆ ಹಿಡಿತ ಸಿಗುತ್ತದೆ. ಅಂಚುಗಳನ್ನು ಮರಳು ಕಾಗದದಲ್ಲಿ ತಿಕ್ಕಿ. ಶಹಾಬಾದ್ ಕಲ್ಲೂ ಆಗುತ್ತದೆ.

ಜೋಡಿಸಿ ಅಳೆಯುವ ಕ್ರಮ

ಪ್ರಾಣಿ ತರುವ ಎರಡು ಮೂರು ದಿನ ಮೊದಲೇ ಖಾಲಿ ಗೂಡಿನಲ್ಲಿ ಇಷ್ಟೂ ಮಾಡಿ.

ಮೊದಲು ಕಲ್ಲನ್ನು ಗೂಡಿನ ಒಂದು ತುದಿಗೆ, ಗೋಡೆಯಿಂದ 15 ಸೆಂ.ಮೀ. ಒಳಕ್ಕೆ ಕೂರಿಸಿ. ಟ್ಯೂಬನ್ನು ಅದೇ ತುದಿಯಿಂದ ಶುರುಮಾಡಿ ಉದ್ದಕ್ಕೆ ಬಿಗಿಯಿರಿ. ಬಿಸಿ ಬಲ್ಬು ಟ್ಯೂಬಿನ ಪಕ್ಕದಲ್ಲೇ, ಕಲ್ಲಿನ ನೇರ ಮೇಲೆ. ಎರಡೂ ಮೇಲಿನಿಂದಲೇ ಬೀಳಬೇಕು. ಹುಬ್ಬಿನ ಮೂಳೆ ಮೇಲಿನ ಬಿಸಿಲಿನಿಂದ ಕಣ್ಣನ್ನು ಕಾಯುತ್ತದೆ, ಪಕ್ಕದಿಂದ ಬರುವ ಯುವಿಬಿ ನೇರ ಕಣ್ಣಿಗೇ ಹೊಡೆಯುತ್ತದೆ. ಬಲ್ಬು ಗೂಡಿನ ಒಳಗಿದ್ದರೆ ತಂತಿಬಲೆಯ ಪಂಜರ ಹಾಕಿ, ಬಲ್ಬಿನ ಮುಖಕ್ಕೂ ಬೆನ್ನಿಗೂ ಕನಿಷ್ಠ 25 ಸೆಂ.ಮೀ. ಅಂತರವಿರಲಿ.

ಎರಡು ಗಂಟೆ ಉರಿಸಿ. ಆಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ನಿನಿಂದ ಕಲ್ಲಿಗೆ ಗುರಿಯಿಡಿ. ಗನ್ನಿನ ಕೆಂಪು ಚುಕ್ಕಿ ಬಿದ್ದಷ್ಟೇ ಜಾಗವನ್ನು ಅದು ಅಳೆಯುವುದಲ್ಲ. 12:1 ಎಂದು ಬರೆದಿರುವ ಗನ್ನು 30 ಸೆಂ.ಮೀ. ದೂರದಿಂದ ಎರಡೂವರೆ ಸೆಂ.ಮೀ. ಅಗಲದ ವೃತ್ತದ ಸರಾಸರಿ ಕೊಡುತ್ತದೆ. ಹತ್ತಿರ ಹೋಗಿ ಅಳೆಯಿರಿ. ಗಾಜಿನ ಹೊರಗಿನಿಂದ ಹೊಡೆದರೆ ಗಾಜಿನ ಬಿಸಿ ತೋರಿಸುತ್ತದೆ. ಕಲ್ಲಿನ ಐದು ಕಡೆ, ನಡುವೆ ಮತ್ತು ನಾಲ್ಕು ಮೂಲೆ, ಬರೆದುಕೊಳ್ಳಿ. ನಡುವೆ 42 ಇದ್ದು ಮೂಲೆಯಲ್ಲಿ 30 ಬಂದರೆ ಕಿರಣ ಕಿರಿದು, ಬಲ್ಬು ಮೇಲೆತ್ತಿ ವ್ಯಾಟ್ ಹೆಚ್ಚಿಸಿ. ಎಲ್ಲ ಕಡೆ 46 ಬಂದರೆ ಡಿಮ್ಮರಿನಲ್ಲಿ ಇಳಿಸಿ. ಬಲ್ಬಿಗೆಂದೇ ಮಾಡಿದ ಡಿಮ್ಮರ್ ಬೇಕು, ಫ್ಯಾನ್ ರೆಗ್ಯುಲೇಟರ್ ಆಗುವುದಿಲ್ಲ. ಗಾಳಿಯ ಉಷ್ಣತೆಗೆ ಗನ್ನು ಪ್ರಯೋಜನವಿಲ್ಲ. ಬಿಸಿ ಬದಿಗೊಂದು, ತಂಪು ಬದಿಗೊಂದು ವೈರಿನ ತುದಿಯಲ್ಲಿ ಸೆನ್ಸರ್ ಇರುವ ಡಿಜಿಟಲ್ ಥರ್ಮಾಮೀಟರ್ ಇಡಿ, ನೇರ ಬೆಳಕು ಬೀಳದ ಕಡೆ. ಗಾಜಿಗಂಟಿಸುವ ಮುಳ್ಳಿನ ಥರ್ಮಾಮೀಟರ್ ಡಬ್ಬಿಗಳನ್ನು ನಂಬಬೇಡಿ.

ಯುವಿ ಅಳೆಯಲು ಸೋಲಾರ್‌ಮೀಟರ್ 6.5 ಎಂಬ ಉಪಕರಣ ಬಳಸುತ್ತಾರೆ. ದುಬಾರಿ, ಸಾಕುವವರು ನಾಲ್ಕಾರು ಜನ ಸೇರಿ ಒಂದನ್ನು ಕೊಂಡರೆ ಎಲ್ಲರಿಗೂ ಸಾಲುತ್ತದೆ, ಯಾಕೆಂದರೆ ಬೇಕಾಗುವುದು ತಿಂಗಳಿಗೊಮ್ಮೆ. ಟ್ಯೂಬು ಹೊತ್ತಿ ಅರ್ಧ ಗಂಟೆಯಾದ ಮೇಲೆ, ಉಪಕರಣದ ಮುಖವನ್ನು ಟ್ಯೂಬಿನತ್ತ ಮಾಡಿ ಬೆನ್ನಿನ ಮಟ್ಟದಲ್ಲಿ ಹಿಡಿಯಿರಿ. ಬಣ್ಣ ಬದಲಿಸುವ ಕಾರ್ಡು ಯುವಿ ಇದೆಯೆಂದಷ್ಟೇ ಹೇಳುತ್ತದೆ, ಎಷ್ಟೆಂದು ಹೇಳುವುದಿಲ್ಲ. ಫೋನಿನ ಆ್ಯಪ್ ತೋರಿಸುವುದು ಊರಿನ ಹವಾಮಾನ.

ದೀಪಗಳನ್ನು ಟೈಮರಿಗೆ ಹಾಕಿ, ದಿನಕ್ಕೆ 12 ಗಂಟೆ. ಬಿಸಿ, ಯುವಿಬಿ ಒಟ್ಟಿಗೆ ಹೊತ್ತಿ ಒಟ್ಟಿಗೆ ಆರಲಿ.

ಥರ್ಮೋಸ್ಟಾಟು, ಕರೆಂಟು

ಆನ್-ಆಫ್ ಮಾಡುವ ಅಗ್ಗದ ಥರ್ಮೋಸ್ಟಾಟಿನ ಸೆನ್ಸರನ್ನು ಬಿಸಿ ಬಲ್ಬಿನ ಕೆಳಗಿಟ್ಟರೆ ಬಲ್ಬು ದಿನವಿಡೀ ಹೊತ್ತಿ ಆರಿ ಮಾಡುತ್ತದೆ. ಪ್ರಾಣಿಗೆ ಕಿರಿಕಿರಿ, ಬಲ್ಬಿನ ಆಯಸ್ಸೂ ಕಡಿಮೆ. ಕಲ್ಲಿನ ಬಿಸಿಯನ್ನು ಡಿಮ್ಮರಿನಲ್ಲಿ ಹೊಂದಿಸಿಕೊಂಡು, ಥರ್ಮೋಸ್ಟಾಟನ್ನು ಕಾವಲಿಗೆ ಮಾತ್ರ ಇಟ್ಟುಕೊಳ್ಳಿ. ಸೆನ್ಸರ್ ತಂಪು ಬದಿಯ ನೆರಳಿನಲ್ಲಿರಲಿ, 30 ಡಿಗ್ರಿ ದಾಟಿದರೆ ಬಿಸಿ ಬಲ್ಬು ಕಡಿಯುವಂತೆ. ತಂಪು ಬದಿಯೇ ಕಾದರೆ ಪ್ರಾಣಿಗೆ ಓಡಲು ಜಾಗವಿರುವುದಿಲ್ಲ. ಕಲಬುರಗಿ, ರಾಯಚೂರಿನ ಏಪ್ರಿಲ್-ಮೇನಲ್ಲಿ ಕೋಣೆಯೇ ಇದಕ್ಕಿಂತ ಬಿಸಿಯಿರುತ್ತದೆ. ಅಲ್ಲಿ ಬೇಸಿಗೆಯಲ್ಲಿ ಯೋಚಿಸಬೇಕಾದದ್ದು ಬಿಸಿಯನ್ನಲ್ಲ, ಕೂಲರ್ ಇರುವ ಕೋಣೆಯನ್ನು. ಯುವಿಬಿ ಟ್ಯೂಬು ಮಾತ್ರ ಆಗಲೂ ಉರಿಯುತ್ತಿರಬೇಕು; ಅದನ್ನು ಥರ್ಮೋಸ್ಟಾಟಿಗೆ ಸೇರಿಸಬೇಡಿ.

ಸೆನ್ಸರನ್ನು ರಬ್ಬರ್ ಬಟ್ಟಲಿನಿಂದ ಗಾಜಿಗೆ ಅಂಟಿಸಬೇಡಿ. ಅದು ಒಂದು ದಿನ ಕಳಚಿ ಗೂಡಿನ ಹೊರಗೆ ನೇತಾಡುತ್ತದೆ, ಕೋಣೆಯ 24 ಡಿಗ್ರಿ ಓದುತ್ತದೆ, ಒಳಗೆ ಎಷ್ಟೇ ಕಾದರೂ ಬಲ್ಬು ಕಡಿಯುವುದಿಲ್ಲ. ಕೇಬಲ್ ಟೈಯಿಂದ ಕಟ್ಟಿ. ರಾತ್ರಿಯ ಸೆರಾಮಿಕ್ ಹೀಟರಿಗಂತೂ ಇದು ಪ್ರಾಣದ ಪ್ರಶ್ನೆ.

ಹಳ್ಳಿಗಳಲ್ಲಿ ಸಂಜೆ ವೋಲ್ಟೇಜ್ 180ಕ್ಕಿಳಿದರೆ ಬಿಸಿ ಬಲ್ಬಿನ ಶಕ್ತಿ ಸುಮಾರು ಮೂರನೇ ಒಂದು ಭಾಗ ಕುಸಿಯುತ್ತದೆ. ಬೆಳಿಗ್ಗೆ 41 ಇದ್ದ ಕಲ್ಲು ಸಂಜೆ 34 ಯಾಕೆ ಎಂದು ತಲೆ ಕೆಡಿಸಿಕೊಳ್ಳುವ ಮೊದಲು ವೋಲ್ಟೇಜ್ ನೋಡಿ. ಮೂರು ನಾಲ್ಕು ಗಂಟೆ ಕರೆಂಟು ಹೋದರೆ ಆರೋಗ್ಯವಂತ ಪ್ರಾಣಿಗೆ ಏನೂ ಆಗುವುದಿಲ್ಲ. ಆ ಹೊತ್ತಿನಲ್ಲಿ ತಿನ್ನಲು ಮಾತ್ರ ಕೊಡಬೇಡಿ, ಮೈಯಲ್ಲಿ ಬಿಸಿಯಿಲ್ಲದೆ ಅರಗುವುದಿಲ್ಲ.

ಪ್ರಾಣಿಯನ್ನೇ ನೋಡಿ

ಬೆಳಿಗ್ಗೆ ಕಪ್ಪಗಾಗಿ ಚಪ್ಪಟೆಯಾಗಿ ಕೂತು, ಮುಕ್ಕಾಲು ಗಂಟೆಯಲ್ಲಿ ಬಣ್ಣ ತಿಳಿಯಾಗಿ, ಬಾಯಿ ಅರೆತೆರೆದು, ಆಮೇಲೆ ಇಳಿದು ಓಡಾಡಿದರೆ ಎಲ್ಲ ಸರಿಯಿದೆ. ಇಡೀ ದಿನ ಕಲ್ಲಿನ ಮೇಲೆ ಚಪ್ಪಟೆಯಾಗಿಯೇ ಇದ್ದರೆ ಬಿಸಿ ಸಾಲದು. ಕಲ್ಲಿಗೇ ಬರದೆ ತಂಪು ಮೂಲೆಯಲ್ಲಿ ಬಾಯಿ ತೆರೆದು ಕೂತರೆ ಗೂಡಿಡೀ ಕಾದಿದೆ, ತಕ್ಷಣ ಬಲ್ಬು ಆರಿಸಿ. ಹೊಸ ಟ್ಯೂಬು ಹಾಕಿದ ಒಂದೆರಡು ದಿನದಲ್ಲಿ ಕಣ್ಣು ಮುಚ್ಚಿಕೊಂಡೇ ಇದ್ದರೆ, ಕಣ್ಣು ಊದಿದರೆ, ಟ್ಯೂಬು ಹತ್ತಿರವಾಯಿತು ಅಥವಾ ಟ್ಯೂಬೇ ಸರಿಯಿಲ್ಲ. ಆರಿಸಿ, ಸರೀಸೃಪ ನೋಡುವ ಪಶುವೈದ್ಯರಿಗೆ ತೋರಿಸಿ. ಬೆರಳು ನಡುಗುವುದು ಕಂಡರೆ ಅದೇ ದಿನ ಕರೆದುಕೊಂಡು ಹೋಗಿ. ದೀಪ ಬದಲಿಸಿ ಕಾದು ನೋಡುವ ಹಂತ ಅದಲ್ಲ.

ನಿಜವಾದ ಬಿಸಿಲು ಸಿಗುವವರು ವಾರಕ್ಕೆ ಎರಡು ಮೂರು ದಿನ, ಬೆಳಿಗ್ಗೆ ಎಂಟರಿಂದ ಒಂಬತ್ತೂವರೆಯೊಳಗೆ, ಇಪ್ಪತ್ತು ನಿಮಿಷ ಹೊರಗೆ ತನ್ನಿ. ತಂತಿ ಜಾಲರಿಯ ಪಂಜರ, ಅರ್ಧಕ್ಕೆ ಗೋಣಿಚೀಲದ ನೆರಳು, ಪಕ್ಕದಲ್ಲಿ ನೀವು. ಟೆರೇಸಿನಲ್ಲಿ ಹದ್ದು, ಕಾಗೆ, ಬೆಕ್ಕು ಮೂರೂ ಹೊಂಚು ಹಾಕುತ್ತವೆ. ಗಾಜಿನ ತೊಟ್ಟಿಯನ್ನು ಎಂದೂ ಬಿಸಿಲಿಗಿಡಬೇಡಿ, ಕೆಲವೇ ನಿಮಿಷಗಳಲ್ಲಿ ಒಳಗೆ ಬೆಂದುಹೋಗುತ್ತದೆ.

ಟ್ಯೂಬು ಹಾಕಿದ ದಿನ ಅದರ ತುದಿಯ ಲೋಹದ ಮುಚ್ಚಳದ ಮೇಲೆ ಮಾರ್ಕರಿನಲ್ಲಿ ತಾರೀಖು ಬರೆಯಿರಿ. ಕಣ್ಣಿಗೆ ಕಾಣುವ ಬೆಳಕು ವರ್ಷಗಟ್ಟಲೆ ಹಾಗೇ ಇರುತ್ತದೆ, ಯುವಿಬಿ ಮಾತ್ರ ಒಳಗೊಳಗೇ ಕುಗ್ಗುತ್ತದೆ. ಟಿ5 ಎಚ್‌ಒ ಟ್ಯೂಬನ್ನು 12 ತಿಂಗಳಿಗೆ, ಹಳೆಯ ದಪ್ಪ ಟಿ8 ಟ್ಯೂಬಾದರೆ 6 ತಿಂಗಳಿಗೆ ಬದಲಿಸಿ. ಉಪಕರಣ ಕೈಲಿದ್ದರೆ, ಮೊದಲ ತಿಂಗಳ ಅಂಕಿಯ ಅರ್ಧಕ್ಕೆ ಬರುವ ಮುಂಚೆ ಬದಲಿಸಿದರೂ ಸಾಕು. ನಡುವೆ ವಾರಕ್ಕೊಮ್ಮೆ, ಸ್ವಿಚ್ ಆರಿಸಿ ಟ್ಯೂಬು ತಣ್ಣಗಾದ ಮೇಲೆ, ಒಣಬಟ್ಟೆಯಿಂದ ಟ್ಯೂಬು, ರಿಫ್ಲೆಕ್ಟರ್, ಜಾಲರಿಯ ಧೂಳು ಒರೆಸಿ. ಹಳೆಯ ಟ್ಯೂಬನ್ನು ಒಡೆಯಬೇಡಿ, ಒಳಗೆ ಪಾದರಸವಿದೆ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಇಡಿಯಾಗಿಯೇ ಕೊಡಿ.